ಒಂದು ಪೈಸೆ, ಐದು ಕಾಪಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಇಬ್ಬರ ಆಫೀಸು. ಫೌಂಡ್ರಿ, ಬೆಲ್ಲದ ಅಡತಿ, ಇಳಕಲ್ ಸೀರೆ ಅಂಗಡಿ, ವಾಹನದ ಬಿಡಿಭಾಗದ ಅಂಗಡಿ, ವಿಜಯಪುರದ ಕಡೆ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್. ಇವರಿಗೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಹೊಸ ಗಿರಾಕಿ ಬಂದರೆ ಹಳೇ ಫೋಲ್ಡರ್ ಕಾಪಿ ಮಾಡಿ, ಹೆಸರು ಬದಲಿಸಿ ಕೆಲಸ ಶುರು ಹಚ್ಚುತ್ತಿದ್ದೆ. ಒಂದು ವಾರ ಉಳೀತು ಅಂತ ಖುಷಿ ಬೇರೆ.

ಒಂದಿನ ಫೌಂಡ್ರಿಯ ಲೆಕ್ಕ ನೋಡುವವರು ಫೋನ್ ಮಾಡಿದರು. ಜಿಎಸ್‌ಟಿಯಲ್ಲಿ ಒಂದು ಪೈಸೆ ತಾಳೆ ಆಗುತ್ತಿಲ್ಲ. ನೋಡಿದರೆ ತಪ್ಪು ನನ್ನದೇ. 252.50 ರೂಪಾಯಿಗೆ 18% ಅಂದರೆ 45.45. ಅದನ್ನೇ ಒಟ್ಟು ತೆರಿಗೆ ಅಂತ ಬರೆದು, ಅರ್ಧ ಮಾಡಿ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎರಡಕ್ಕೂ ಹಾಕಿದ್ದೆ. ಅರ್ಧ 22.725. ರೌಂಡ್ ಮಾಡಿದರೆ ಎರಡೂ 22.73, ಕೂಡಿಸಿದರೆ 45.46! ಎರಡನ್ನೂ 9%ರಂತೆ ಬೇರೆ ಬೇರೆ ತೆಗೆದು, ರೌಂಡ್ ಮಾಡಿ, ಆಮೇಲೆ ಒಟ್ಟು ಹಾಕಬೇಕಿತ್ತು. ಹತ್ತು ಸಾಲಿನ ರಿಪೇರಿ. ಆದರೆ ಐದು ಕಡೆ ಮಾಡಬೇಕು, ಐದೂ ಕಾಪಿ ಅಷ್ಟರಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದವು. ಒಂದನ್ನು ಮರೆತೆ. ನಾಲ್ಕು ತಿಂಗಳಾದ ಮೇಲೆ ಅಲ್ಲಿಂದಲೂ ಫೋನ್ ಬಂತು.

ಆಗ ಎಲ್ಲರಿಗೂ ಒಂದೇ ಆಗಿರುವ ಕಾಮನ್ ಕೋಡನ್ನು ಬೇರೆ ತೆಗೆದೆ. ಹುಮ್ಮಸ್ಸಿನಲ್ಲಿ ಕಂಡಿದ್ದೆಲ್ಲ ಅದಕ್ಕೆ ತುಂಬಿದೆ, ಬಿಲ್ಲಿನ ನಮೂನೆಯನ್ನೂ. ಇದು ಇನ್ನೂ ದೊಡ್ಡ ತಪ್ಪು. ಬೆಲ್ಲದವರಿಗೆ ಪೆಂಟೆ, ತೂಕ, ಹಮಾಲಿ ಬೇಕು. ಸೀರೆಯವರಿಗೆ ರಿಯಾಯಿತಿ, ಬದಲಿ. ಕೋಲ್ಡ್ ಸ್ಟೋರೇಜಿಗೆ ಬಾಕ್ಸಿಗೆ ತಿಂಗಳ ಬಾಡಿಗೆ. ಎಲ್ಲವೂ ಬಿಲ್ಲೇ, ಆದರೆ ಒಬ್ಬರ ಬದಲಾವಣೆ ಇನ್ನೊಬ್ಬರಿಗೆ ಬೇಡ. ‘ಬೆಲ್ಲ ಆದರೆ ಹೀಗೆ, ಸೀರೆ ಆದರೆ ಹಾಗೆ’ ಅಂತ ಷರತ್ತಿನ ಮೇಲೆ ಷರತ್ತು ಬಿದ್ದು, ಆ ಫೈಲು ಮುಟ್ಟಲು ನನಗೇ ಹೆದರಿಕೆ ಆಗತೊಡಗಿತು.

ನಮೂನೆಗಳನ್ನು ವಾಪಸ್ ಅವರವರ ಪ್ರಾಜೆಕ್ಟಿಗೆ ಹಾಕಿದೆ. ಈಗ ಕಾಮನ್ ಕೋಡಿಗೆ ಏನೇ ಸೇರಿಸುವ ಮೊದಲು ಒಂದೇ ಪ್ರಶ್ನೆ: ಇದು ಬದಲಾದರೆ ಎಲ್ಲರಿಗೂ ಒಟ್ಟಿಗೇ ಬದಲಾಗುತ್ತದಾ? ಹಾಗೆ ಉಳಿದದ್ದು ತೆರಿಗೆ, ಏಪ್ರಿಲ್‌ನಿಂದ ಶುರುವಾಗುವ ಬಿಲ್ ನಂಬರು, ಲಾಗಿನ್, ಬ್ಯಾಕಪ್, ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯುವ ತುಣುಕು. ಈ ಕೊನೆಯದು ಸುಲಭ ಅಂದುಕೊಂಡಿದ್ದೆ. ಮೊದಲ ಸಲ ‘ಎರಡುನೂರು’ ಅಂತ ಪ್ರಿಂಟ್ ಆಯಿತು. ಇನ್ನೂರು, ಮುನ್ನೂರು, ಐನೂರು ಎಲ್ಲ ಕೈಯಿಂದಲೇ ಬರೆದಿಡಬೇಕಾಯಿತು.

ಕಾಮನ್ ಕೋಡಿನ ವರ್ಷನ್ ನಂಬರನ್ನೂ ಮೊದಮೊದಲು ಸುಮ್ನೆ ಹಾಕುತ್ತಿದ್ದೆ. ಒಂದು ಫಂಕ್ಷನ್ನಿಗೆ ಕೊಡುವ ಮಾಹಿತಿಯ ಕ್ರಮ ಬದಲಿಸಿ, 3.0.0 ಅನ್ನಬೇಕಾದಲ್ಲಿ 2.4.0 ಅಂದೆ. ಮೊದಲ ಅಂಕಿ ಬದಲಾಗಲಿಲ್ಲ ಅಂದರೆ ಹಳೇ ಕೋಡ್ ಮುರಿಯುವುದಿಲ್ಲ ಅಂತ ಅರ್ಥ. ಕಾಮನ್ ಕೋಡನ್ನು ಆಯಾ ಪ್ರಾಜೆಕ್ಟಿಗೆ ತಂದು ಹಾಕುವ ಕಾಂಪೋಸರ್ ಅನ್ನುವ ಟೂಲು ಅದನ್ನು ನಂಬಿತು. ಬೆಳಿಗ್ಗೆ ಅಡತಿಯಿಂದ ಫೋನು: “ಸರ್ರ, ಬಿಲ್ಲ ಬರವಲ್ದರಿ, ಮಂದಿ ನಿಂತಾರ!” ಅಂದಿನಿಂದ ನೂರಿನ್ನೂರು ಹಳೇ ಬಿಲ್ಲು ಹಾಯಿಸಿ, ಪೈಸೆ ಸಮೇತ ಅದೇ ಮೊತ್ತ ಬಂದರೆ ಮಾತ್ರ ಹೊಸ ವರ್ಷನ್ ಬಿಡುತ್ತೇವೆ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾದಾಗ ಈ ಶ್ರಮಕ್ಕೆ ಬೆಲೆ ಬಂತು. ವಾಹನದ ಬಿಡಿಭಾಗದ ತೆರಿಗೆ 28%ರಿಂದ 18%ಕ್ಕೆ ಇಳಿಯಿತು. ಆಗಸ್ಟಿನಲ್ಲಿ ಒಯ್ದ ಸಾಮಾನು ವಾಪಸ್ ಬಂದರೆ ಕ್ರೆಡಿಟ್ ನೋಟು (ವಾಪಸಾದ ಮಾಲಿನ ಮೊತ್ತ ಕಳೆಯುವ ಚೀಟಿ) ಹಳೇ 28%ಕ್ಕೇ ಆಗಬೇಕು. ದರದ ಜೊತೆ ‘ಯಾವ ದಿನದಿಂದ’ ಅಂತ ಮೊದಲೇ ಇಟ್ಟಿದ್ದರಿಂದ ಪಟ್ಟಿಗೆ ಹೊಸ ಸಾಲು ಸೇರಿಸಿದರೆ ಮುಗೀತು.

ಕೋಲ್ಡ್ ಸ್ಟೋರೇಜಿನವರು ಮಾತ್ರ ಇನ್ನೂ ಹಳೇ ಕಾಪಿಯಲ್ಲೇ ಇದ್ದಾರೆ. ಬದಲಿಸೋಣ ಅಂದರೆ, “ನಡದೈತಲ್ರೀ, ಯಾಕ ಮುಟ್ತೀರಿ?” ಅನ್ನುತ್ತಾರೆ.