ಊಟದ ಮೇಜಿನ ಮೇಲೆ ಪೊಲ್ಲಿಲೂರು

ಬೆಳಗ್ಗೆ ಹತ್ತೂವರೆಗೆ ಮೊದಲ ಚೀಟಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ಮೇಷ್ಟ್ರು ಒಬ್ಬರೇ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಒಂದು ನಕ್ಷೆ, ಒಂದು ಪೆನ್ಸಿಲ್. ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು: "ಹೊರಟಿದ್ದೇವೆ. ದಾರಿಯುದ್ದಕ್ಕೂ ಕುದುರೆ ದಂಡಿನ ಕಾಟ, ನೀವೂ ಮುಂದೆ ಬನ್ನಿ." ಮೇಷ್ಟ್ರು ಓದಿದರು. ಕನ್ನಡಕ ತೆಗೆದು, "ಇದನ್ನ ಬರೆದು ಎಷ್ಟು ಹೊತ್ತಾಯ್ತು?" ಅಂದರು. ನಾನು ಹೇಳಲಿಲ್ಲ. ಹೇಳಬಾರದು ಅನ್ನುವುದೇ ಆ ದಿನದ ನಿಯಮ.

ನಾವು ಆಡುತ್ತಿದ್ದದ್ದು 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಯುದ್ಧ. ಸಣ್ಣ ಲೋಹದ ಸಿಪಾಯಿಗಳನ್ನು ಬಣ್ಣ ಹಚ್ಚಿ ಮೇಜಿನ ಮೇಲೆ ನಿಲ್ಲಿಸಿ, ಟೇಪು ಹಿಡಿದು ಅಳೆದು, ದಾಳ ಉರುಳಿಸಿ, ನಡೆದುಹೋದ ಒಂದು ಯುದ್ಧವನ್ನು ಮತ್ತೆ ಆಡುವ ಹವ್ಯಾಸ ಇದು. ಇಂಗ್ಲೆಂಡಿನಲ್ಲಿ ಇದನ್ನು ಆಡುವವರು ತುಂಬ ಜನ. ಅಲ್ಲಿನವರಿಗೆ ವಾಟರ್‌ಲೂ ಇದ್ದ ಹಾಗೆ ಮೈಸೂರಿನವನಾದ ನನಗೆ ಪೊಲ್ಲಿಲೂರು. ಚಿಕ್ಕವನಿದ್ದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮುಂದೆ ಅಪ್ಪ ನಿಲ್ಲಿಸಿ ತೋರಿಸಿದ್ದರು. ಪಶ್ಚಿಮದ ಗೋಡೆಯ ತುಂಬ ಆ ಯುದ್ಧವೇ. ಈಸ್ಟ್ ಇಂಡಿಯಾ ಕಂಪನಿಯ ಕೆಂಪು ಅಂಗಿಯವರು ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ. ಮದ್ದಿನ ಬಂಡಿ ಸಿಡಿಯುತ್ತಿದೆ. ಸುತ್ತಲೂ ಮೈಸೂರಿನ ಕುದುರೆಗಳು ಸಾಲುಸಾಲಾಗಿ ಮುತ್ತಿವೆ. ಆ ಚೌಕದ ಒಳಗೆ ನಿಂತವನಿಗೆ ಏನು ಕಾಣಿಸುತ್ತಿತ್ತು ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನ ಜೊತೆಗೇ ಇದೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಂಚಿಯಲ್ಲಿ ಸರ್ ಹೆಕ್ಟರ್ ಮನ್ರೋನ ದೊಡ್ಡ ಸೈನ್ಯ. (ಆಮೇಲೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಅಲ್ಲ, ಇವನು 1764ರಲ್ಲಿ ಬಕ್ಸಾರ್ ಗೆದ್ದವನು.) ಉತ್ತರದಲ್ಲಿ ಗುಂಟೂರಿನ ಕಡೆಯಿಂದ ಬೈಲಿ ಇನ್ನೊಂದು ದಂಡು ತೆಗೆದುಕೊಂಡು ಅವನನ್ನು ಸೇರಲು ಬರುತ್ತಿದ್ದಾನೆ. ಇಬ್ಬರೂ ಸೇರಿದರೆ ಹೈದರಾಲಿಗೆ ಕಷ್ಟ. ಹಾಗಾಗಿ ಟಿಪ್ಪುವನ್ನು ಬೈಲಿಯ ಹಿಂದೆ ಬಿಟ್ಟ. ಸೆಪ್ಟೆಂಬರ್ 6ರಂದು ಪೆರಂಬಾಕ್ಕಮ್‌ನಲ್ಲಿ ಒಂದು ಸುತ್ತು ಕಾದಾಟ ಆಯಿತು. ಮನ್ರೋ ಸುಮಾರು ಸಾವಿರ ಜನರನ್ನು ಫ್ಲೆಚರ್ ಎಂಬ ಕರ್ನಲ್ ಜೊತೆ ಕಳಿಸಿದ. ಈಗ ಬೈಲಿ ಹತ್ತಿರ ಒಟ್ಟು 3,800ರಷ್ಟು ಜನ, ಹೆಚ್ಚಿನವರು ನಮ್ಮ ದಕ್ಷಿಣದ ಸಿಪಾಯಿಗಳೇ. ಕಂಚಿ ಒಂದು ದಿನದ ನಡಿಗೆ. 9ರ ರಾತ್ರಿ ಹೊರಟರು. ನಡುರಾತ್ರಿ ದಾರಿಯಲ್ಲಿ ಬೈಲಿ ನಿಂತುಬಿಟ್ಟ. ಬೆಳಗಾಗುವ ಹೊತ್ತಿಗೆ ಮುಂದೆ ಟಿಪ್ಪುವಿನ ತೋಪುಗಳು. ಆಮೇಲೆ ಹೈದರನ ಇಡೀ ಸೈನ್ಯ.

ಯಾಕೆ ನಿಂತ? ಯಾಕೆ ಮನ್ರೋ ಬರಲಿಲ್ಲ? ಇವೆರಡನ್ನು ಕೈಯಾರೆ ಮುಟ್ಟಿ ನೋಡಬೇಕು ಅನ್ನುವುದಕ್ಕಾಗಿಯೇ ಈ ಆಟ ಕಟ್ಟಿದೆ.

ಕಟ್ಟುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ನಾನು ಆರಿಸಿಕೊಂಡದ್ದು 15 ಮಿಲಿಮೀಟರ್ ಬೊಂಬೆಗಳನ್ನು. ಒಬ್ಬ ಸಿಪಾಯಿ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಎತ್ತರ. 28 ಮಿಲಿಮೀಟರಿನವು ನೋಡಲು ಚೆಂದ, ಆದರೆ ಮನೆಯ ಮೇಜಿನ ಮೇಲೆ ಸೈನ್ಯದ ಹಾಗೆ ಕಾಣುವುದಿಲ್ಲ, ಗುಂಪಿನ ಹಾಗೆ ಕಾಣುತ್ತವೆ. ಒಂದು ಬೊಂಬೆಗೆ 20 ಜನ ಅಂತ ಲೆಕ್ಕ ಇಟ್ಟೆ. ಬೈಲಿಯ ದಂಡಿಗೆ 190 ಬೊಂಬೆ ಆಯಿತು. ಮೈಸೂರಿನ ಕಡೆ ಅದೇ ಲೆಕ್ಕ ಹಿಡಿದರೆ ಮನೆ ಸಾಲುವುದಿಲ್ಲ. ಅದಕ್ಕೆ 300 ಬೊಂಬೆ ಮಾಡಿ, ಸೋತು ಚದುರಿದ ಕುದುರೆ ತುಕಡಿ ಎರಡು ಸುತ್ತಿನ ನಂತರ ಮೇಜಿನ ಅಂಚಿನಿಂದ ಮತ್ತೆ ಬರಬಹುದು ಅಂತ ನಿಯಮ ಮಾಡಿದೆ. ಇದು ಬರೀ ಅನುಕೂಲಕ್ಕೆ ಮಾಡಿದ್ದಲ್ಲ. ಬೈಲಿಯ ಚೌಕ ಹದಿಮೂರು ಸಲ ದಾಳಿ ತಡೆಯಿತು ಅಂತ ಆ ಕಡೆಯವರ ಬರಹಗಳು ಹೇಳುತ್ತವೆ. ಓಡಿಸಿದಷ್ಟೂ ಮತ್ತೆ ಬರುವ ಆ ದಣಿವು ಮೇಜಿನ ಮೇಲೂ ಬರಬೇಕಿತ್ತು.

ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಸದಾಗಿ ಶುರು ಮಾಡುವವರು ಇಲ್ಲೇ ಕೈಚೆಲ್ಲುವುದು ಜಾಸ್ತಿ. ಬೊಂಬೆಗಳ ಅಂಚಿನ ಗರಿಯನ್ನು ಸಣ್ಣ ಅರದಿಂದ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಒಂದು ಐಸ್‌ಕ್ರೀಮ್ ಕಡ್ಡಿಗೆ ಐದೈದರಂತೆ ಅಂಟಿಸಿಕೊಳ್ಳಿ. ಒಂದೊಂದೇ ಬೊಂಬೆ ಮುಗಿಸಲು ಹೋಗಬೇಡಿ. ಐವತ್ತು ಬೊಂಬೆಗೂ ಅಂಗಿ, ಆಮೇಲೆ ಐವತ್ತಕ್ಕೂ ಮುಖ, ಆಮೇಲೆ ಐವತ್ತಕ್ಕೂ ಬಂದೂಕು. ಕೆಂಪು ಅಂಗಿ ಬರೆಯುವಾಗ ಕಪ್ಪು ಪ್ರೈಮರ್ (ಎಲ್ಲಕ್ಕಿಂತ ಮೊದಲು ಹಚ್ಚುವ ಅಡಿಬಣ್ಣ) ಮೇಲೆ ನೇರವಾಗಿ ಕೆಂಪು ಹಚ್ಚಿದರೆ ಮಂಕಾಗುತ್ತದೆ. ಕಂದು ಪ್ರೈಮರ್ ಹೊಡೆದು ಅದರ ಮೇಲೆ ಕೆಂಪು ಹಚ್ಚಿ, ಮಡಿಕೆಗಳಲ್ಲಿ ಕಂದು ಹಾಗೇ ಉಳಿದು ನೆರಳಾಗುತ್ತದೆ. ಎದೆಯ ಅಡ್ಡಪಟ್ಟಿಗೆ ಮೊದಲು ಬೂದು, ಅದರ ಮೇಲೆ ಸಣ್ಣಗೆ ಬಿಳಿ. ಮೂರು ಸೊನ್ನೆಯ ಕೂದಲೆಳೆ ಬ್ರಷ್ಷೇ ಬೇಕು ಅಂದುಕೊಳ್ಳಬೇಡಿ. ತುದಿ ಚೂಪಾಗಿರುವ ಒಂದನೇ ನಂಬರಿನ ಬ್ರಷ್ ಸಾಕು, ಅದರಲ್ಲಿ ಬಣ್ಣ ಬೇಗ ಒಣಗುವುದಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಬೇಡಿ. ನಾನು ಹೊಡೆದೆ. ನಲವತ್ತು ಕುದುರೆಗಳ ಮೈಮೇಲೆ ಸುಣ್ಣ ಚೆಲ್ಲಿದ ಹಾಗೆ ಬೂಷ್ಟು ಕೂತಿತು. ಎಲ್ಲವನ್ನೂ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಲು ಎರಡು ಭಾನುವಾರ ಹೋದವು. ಆಮೇಲಿಂದ ಕೈಯಲ್ಲೇ ಹಚ್ಚುತ್ತೇನೆ. ಒಣಗಿಸಲು ಅಮ್ಮನ ದಸರಾ ಗೊಂಬೆ ಮೆಟ್ಟಿಲು ಇತ್ತು. ಪಟ್ಟದ ಗೊಂಬೆ ಕೂರುವ ಜಾಗದಲ್ಲಿ ಹೈದರನ ಆನೆ ಕೂತಿತ್ತು, ಅಮ್ಮ ಏನೂ ಅನ್ನಲಿಲ್ಲ.

ಉಡುಪಿನ ಬಗ್ಗೆ ಮೇಷ್ಟ್ರಿಗೂ ನನಗೂ ಒಂದು ಸಂಜೆಯಿಡೀ ಮಾತಾಯಿತು. ಮೈಸೂರು ಸಿಪಾಯಿ ಅಂದ ಕೂಡಲೇ ಎಲ್ಲರಿಗೂ ಹುಲಿಪಟ್ಟೆಯ ಅಂಗಿ ನೆನಪಾಗುತ್ತದೆ. ಆದರೆ ಅದು ಟಿಪ್ಪು ಪಟ್ಟಕ್ಕೆ ಬಂದ ಮೇಲಿನದು. 1780ರಲ್ಲಿ ಹೈದರ್ ಇನ್ನೂ ಬದುಕಿದ್ದಾನೆ, ಸತ್ತದ್ದು 1782ರ ಡಿಸೆಂಬರಿನಲ್ಲಿ. ಹಾಗಾಗಿ ಹುಲಿಪಟ್ಟೆ ಬಿಟ್ಟೆ. ಬಿಳಿ, ಮಾಸಿದ ನೀಲಿ, ಬಣ್ಣಬಣ್ಣದ ಪೇಟ, ಇಷ್ಟೇ. ನೋಡುವವರಿಗೆ ಸಪ್ಪೆ ಅನ್ನಿಸಬಹುದು, ನನಗೆ ಅದೇ ಸರಿ.

ರಾಕೆಟ್ಟಿಗೆ ತೆಂಗಿನ ಪೊರಕೆಯ ಕಡ್ಡಿಯ ತುದಿ ಕತ್ತರಿಸಿ, ಒಂದು ಬದಿಗೆ ತಂತಿಯ ಚೂರು ಕಟ್ಟಿದೆ. ನಿಜವಾದವೂ ಹೆಚ್ಚುಕಡಿಮೆ ಹಾಗೇ: ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಬಿದಿರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಳೇ ಬಾವಿಯೊಂದರಿಂದ ಸಾವಿರದಷ್ಟು ಇಂಥ ಕೊಳವೆಗಳು ಸಿಕ್ಕವಲ್ಲ, ಆ ಫೋಟೋಗಳನ್ನು ಮುಂದಿಟ್ಟುಕೊಂಡೇ ಮಾಡಿದ್ದು. ಆಟದಲ್ಲಿ ರಾಕೆಟ್ ಬಿಟ್ಟರೆ ಮೊದಲು ದಿಕ್ಕಿಗೆ ಒಂದು ದಾಳ, ಆಮೇಲೆ ದೂರಕ್ಕೆ ಒಂದು. ಗುರಿ ಇಟ್ಟ ಕಡೆಯೇ ಹೋಗುತ್ತದೆ ಅಂತಿಲ್ಲ. ಆದರೆ ಹತ್ತಿರ ಬಿದ್ದರೂ ಸಾಕು, ಎತ್ತುಗಳು ಬೆದರುತ್ತವೆ.

ಮೇಜು ಎಂಟಡಿಗೆ ನಾಲ್ಕಡಿಯ ಪ್ಲೈವುಡ್, ಊಟದ ಮೇಜಿನ ಮೇಲೆ ಇಟ್ಟದ್ದು. ಒಂದು ಅಂಗುಲಕ್ಕೆ 20 ಗಜ. ಅಂದರೆ ಉದ್ದಕ್ಕೆ ಒಂದೂಮುಕ್ಕಾಲು ಕಿಲೋಮೀಟರ್. ಕುಡಿದು ಉಳಿದ ಚಹಾಪುಡಿ ಒಣಗಿಸಿ ಫೆವಿಕಾಲ್ ಮೇಲೆ ಉದುರಿಸಿದರೆ ಒಳ್ಳೇ ಕೆಮ್ಮಣ್ಣು. ತೆಂಗಿನ ನಾರಿನಿಂದ ತಾಳೆಮರ. ಗದ್ದೆ ಬದುಗಳು, ಒಂದು ಹಳ್ಳ, ಪೊಲ್ಲಿಲೂರಿನ ಮನೆಗಳು, ಮರಗಳ ಒಂದು ತೋಪು.

ಆ ಭಾನುವಾರ ಬಂದವರು ನಾಲ್ಕು ಜನ. ಡಾಕ್ಟರ್ ಮೇಡಂಗೆ ಬೈಲಿಯ ಪಾತ್ರ. ಅವರಿಗೆ ಈ ಯುದ್ಧದ ವಿವರ ಗೊತ್ತಿರಲಿಲ್ಲ, ಬೇಕಂತಲೇ ಹಾಗೆ ಆರಿಸಿದೆ. ಬೆಂಗಳೂರಿನಿಂದ ಬಂದ ಎಂಜಿನಿಯರ್ ಗೆಳೆಯ ಟಿಪ್ಪು. ಅವನ ಅಕ್ಕನ ಮಗ, ಪಿಯುಸಿ ಹುಡುಗ, ಹೈದರಾಲಿ. ಅವನನ್ನು ಜಗಲಿಯಲ್ಲಿ ಕೂರಿಸಿದೆವು, ಅವನ ಸೈನ್ಯ ಬರುವವರೆಗೆ ಒಳಗೆ ಬರುವ ಹಾಗಿಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಅಡುಗೆಮನೆಯಲ್ಲಿ ಮನ್ರೋ. ನಾನು ಅಂಪೈರ್. ಚೀಟಿಗಳು ನನ್ನ ಕೈಯಲ್ಲಿ, ಪ್ರತಿ ಚೀಟಿಯೂ ಎರಡು ಸುತ್ತು ತಡವಾಗಿ ಮುಟ್ಟಬೇಕು.

ತೊಂದರೆ ಏನೆಂದರೆ, ಮೇಷ್ಟ್ರಿಗೆ ಮುಂದಾಗುವುದೆಲ್ಲ ಗೊತ್ತು. ಮೊದಲ ಸುತ್ತಿಗೇ ಹೊರಟುಬಿಡಬಹುದಲ್ವಾ? ಅದಕ್ಕೆ ಅವರ ಕೈಗೆ ಕೊಟ್ಟ ಹಾಳೆಯಲ್ಲಿ ಹೀಗೆ ಬರೆದೆ: ಬೈಲಿ ಬಂದು ಸೇರಿದರೆ 10 ಅಂಕ, ಕಂಚಿಯಲ್ಲಿನ ದಾಸ್ತಾನು, ಭಾರೀ ತೋಪು ಉಳಿದರೆ ಇನ್ನೂ 10. ಹೈದರ್ ಎಲ್ಲಿದ್ದಾನೆ ಅನ್ನುವುದು ಅವರಿಗೆ ಗೊತ್ತಾಗುವುದಿಲ್ಲ. ಜಗಲಿಯ ಹುಡುಗ ತಾನು ಕಂಚಿಯ ಎದುರಿನಿಂದ ಯಾವ ಸುತ್ತಿಗೆ ಜಾರಿಕೊಳ್ಳುತ್ತೇನೆ ಅಂತ ಗುಟ್ಟಾಗಿ ಬರೆದು ಕೊಟ್ಟಿದ್ದ. ಚರಿತ್ರೆಯಲ್ಲಿ ಅದು 9ರ ರಾತ್ರಿ. ಅವನು ಬರೆದದ್ದು ಮೂರನೇ ಸುತ್ತು.

ರಾತ್ರಿಯ ನಡಿಗೆಯನ್ನು ನಾಲ್ಕು ಸುತ್ತಿಗೆ ಇಟ್ಟಿದ್ದೆ. ಎರಡು ದಾಳ ಉರುಳಿಸಿ ಎಂಟು ಅಥವಾ ಕಡಿಮೆ ಬಿದ್ದರೆ ಮಾತ್ರ ಆ ತುಕಡಿ ಮುಂದೆ ಹೋಗುತ್ತದೆ. ಮುಂದಿನ ಸಿಪಾಯಿಗಳು ಸಲೀಸಾಗಿ ಹೋದರು. ಹಿಂದಿನ ತೋಪುಗಳಿಗೆ ಹತ್ತು ಬಿತ್ತು, ಮತ್ತೆ ಒಂಬತ್ತು. ಸಾಲು ಹರಿದು ಮಧ್ಯೆ ಒಂದು ಮೊಳ ಖಾಲಿ. ಎಂಜಿನಿಯರ್ ಅಷ್ಟರಲ್ಲಿ ಎರಡು ರಾಕೆಟ್ ಬಿಟ್ಟ, ಒಂದು ಎತ್ತಿನ ಬಂಡಿಗಳ ಪಕ್ಕ ಬಿತ್ತು. ಮೇಡಂ ಮೇಜಿನ ಮೇಲೆ ಬಾಗಿ ಆ ಖಾಲಿ ಜಾಗವನ್ನೇ ನೋಡುತ್ತಾ ನಿಂತರು. ಆಮೇಲೆ, "ನಿಲ್ಲಿಸ್ತೀನಿ. ತೋಪು ಬಿಟ್ಟು ಹೋಗಲ್ಲ. ಬೆಳಗಾಗಲಿ, ದಾರಿ ಕಾಣಲಿ" ಅಂದರು.

ನನಗೆ ಮೈ ಜುಮ್ಮೆಂದಿತು. ಬೆಳಕಾದ ಮೇಲೆ ಸುತ್ತಲಿನ ಜಾಗ ನೋಡಿಕೊಂಡು ಹೊರಡೋಣ ಅನ್ನುವುದು ಬೈಲಿಯದೂ ಅದೇ ಯೋಚನೆ. ಅದಕ್ಕಾಗಿ ಅವನನ್ನು ಇನ್ನೂರು ವರ್ಷದಿಂದ ಬೈಯುತ್ತಲೇ ಬಂದಿದ್ದಾರೆ. ಆ ಖಾಲಿ ಮೊಳ ನೋಡಿದ ಮೇಲೆ ನನಗೆ ಬೈಯಲು ಬಾಯಿ ಬರುವುದಿಲ್ಲ.

ಐದನೇ ಸುತ್ತಿಗೆ ಬೆಳಗಾಯಿತು. ಟಿಪ್ಪುವಿನ ತೋಪುಗಳು ಹಳ್ಳದಾಚೆ. ಮೇಡಂ ತಾವೇ ಚೌಕ ಕಟ್ಟಿದರು: ಒಂದು ಬದಿಗೆ ಹೈಲ್ಯಾಂಡರ್‌ಗಳು (ಸ್ಕಾಟ್ಲೆಂಡಿನ ಸೈನಿಕರು), ಮೂರು ಬದಿಗೆ ಸಿಪಾಯಿಗಳು, ನಡುವೆ ಮದ್ದಿನ ಬಂಡಿ. ಗೋಡೆಯ ಮೇಲಿನ ಚಿತ್ರವನ್ನು ಅವರು ನೋಡಿಯೇ ಇರಲಿಲ್ಲ. ಬಂಡಿ ಇಡಲು ಬೇರೆ ಜಾಗವೇ ಇರುವುದಿಲ್ಲ ಅಂತ ಆಗ ಅರ್ಥವಾಯಿತು. ಆರನೇ ಸುತ್ತಿಗೆ ಹುಡುಗನನ್ನು ಒಳಗೆ ಕರೆದೆ. ಅವನು ಟ್ರೇ ಮೇಲೆ ಟ್ರೇ ತಂದು ಎರಡು ಅಂಚಿನಲ್ಲಿ ಕುದುರೆಗಳನ್ನು ಇಡುತ್ತಲೇ ಹೋದ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಚೌಕ ಐದು ದಾಳಿ ತಡೆಯಿತು. ಮೇಡಂ ಪ್ರತಿ ಸಲವೂ ಗುಂಡು ಹಾರಿಸುವುದನ್ನು ಆರು ಅಂಗುಲಕ್ಕೆ ಬರುವವರೆಗೆ ತಡೆದು ಹಿಡಿದರು, ಕೈ ನಡುಗಲಿಲ್ಲ.

ಎಂಟನೇ ಸುತ್ತು. ತೋಪಿನ ಗುಂಡೊಂದು ಚೌಕದ ಮೇಲಿಂದ ಒಳಗೆ ಬಿತ್ತು. ನನ್ನ ನಿಯಮದಂತೆ ಬಂಡಿ ಸಿಡಿಯಲು ಎರಡು ದಾಳದಲ್ಲಿ ಹನ್ನೊಂದಾದರೂ ಬೀಳಬೇಕು. ಹನ್ನೆರಡರಲ್ಲಿ ಒಂದು ಸಾಧ್ಯತೆ. ಮೊದಲ ದಾಳ ಆರಕ್ಕೆ ನಿಂತಿತು. ಎರಡನೆಯದು ಗದ್ದೆ ಬದುವಿಗೆ ತಾಗಿ, ಓರೆಯಾಗಿ ನಿಂತು, ನಿಧಾನ ಐದಕ್ಕೆ ಮಗುಚಿತು. ಎಂಜಿನಿಯರ್ ಕೂಡ ಕೈ ಎತ್ತಿ ಕುಣಿಯಲಿಲ್ಲ. ನಾನು ಹತ್ತಿಯ ಉಂಡೆಗೆ ಕಪ್ಪು ಬಳಿದು ಇಟ್ಟುಕೊಂಡಿದ್ದೆ. ಅದನ್ನು ಬಂಡಿಯ ಮೇಲೆ ಇಟ್ಟೆ. ಅಲ್ಲಿಂದ ಮುಂದೆ ಬೈಲಿ ಗುಂಡು ಹಾರಿಸಲು ಮೊದಲಿನ ಅರ್ಧದಷ್ಟು ದಾಳ ಮಾತ್ರ.

ಅಡುಗೆಮನೆಗೆ ಓಡಿದೆ. ಮೇಷ್ಟ್ರ ಕೈಯಲ್ಲಿ ಆರನೇ ಸುತ್ತಿನ ಚೀಟಿ. "ಚೌಕ ಕಟ್ಟಿದ್ದೇವೆ. ಹೈದರ್ ಖುದ್ದಾಗಿ ಬಂದಿದ್ದಾನೆ." ಅವರು ನಕ್ಷೆಯ ಮೇಲೆ ಹೊರಡುವ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದಿದ್ದರು. ಕಾಗದ ತೆಳ್ಳಗಾಗಿ ತೂತು ಬಿದ್ದಿತ್ತು. "ದಾಸ್ತಾನು ಬಿಟ್ಟು ಹೊರಟರೆ ನಾಳೆ ಇಡೀ ಸೈನ್ಯಕ್ಕೆ ಅನ್ನ ಎಲ್ಲಿಂದ ತರಲಿ?" ಅಂದರು. ಹೊರಟರು. ಹತ್ತನೇ ಸುತ್ತಿಗೆ. ಹನ್ನೆರಡಕ್ಕೆ ಚೌಕ ಮುರಿಯಿತು. ನಿಜವಾದ ಮನ್ರೋ ಕೂಡ ಆ ದಿನ ತೋಪಿನ ಸದ್ದು ಕೇಳಿ ಹೊರಟಿದ್ದ, ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಭಾರೀ ತೋಪುಗಳನ್ನು ಕಂಚಿಯ ಕಲ್ಯಾಣಿಗೆ ತಳ್ಳಿ ಮದರಾಸಿನ ಕಡೆ ಹೊರಟ.

ಊಟಕ್ಕೆ ಕೂತಾಗ ಮೂರೂವರೆ. ಬಿಸಿಬೇಳೆಬಾತ್ ಆರಿಹೋಗಿತ್ತು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂವತ್ತು ವರ್ಷ ಮಕ್ಕಳಿಗೆ ಮನ್ರೋ ಹೆದರಿಪುಕ್ಕಲ ಅಂತ ಹೇಳ್ಕೊಂಡು ಬಂದೆ" ಅಂದರು. ಮೇಡಂ ತಮ್ಮ ಬೈಲಿಗೆ ಮುಂದೆ ಏನಾಯಿತು ಅಂತ ಕೇಳಿದರು. ಸೆರೆ ಸಿಕ್ಕಿ ಶ್ರೀರಂಗಪಟ್ಟಣದಲ್ಲೇ 1782ರಲ್ಲಿ ಸತ್ತ, ಸಮಾಧಿ ಗುಂಬಜ್ ಹತ್ತಿರವೇ ಇದೆ ಅಂದೆ. ಅದೇ ದಂಡಿನಲ್ಲಿ ಸೆರೆಯಾದ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರವರೆಗೆ ಅಲ್ಲೇ ಬಂದಿಯಾಗಿದ್ದು, 1799ರ ಮೇ 4ರಂದು ಕೋಟೆಗೆ ನುಗ್ಗಿದವರ ಮುಂದಾಳಾಗಿ ವಾಪಸು ಬಂದ ಅಂತಲೂ ಹೇಳಿದೆ. ಹುಡುಗ ತಿನ್ನುವುದು ನಿಲ್ಲಿಸಿ ಮೇಜಿನ ಕಡೆ ನೋಡಿದ. ಹೈಲ್ಯಾಂಡರ್‌ಗಳಲ್ಲಿ ಬೇರ್ಡ್ ಯಾವುದು ಅಂತ ಕೇಳಿದ. ಎಡಗಡೆಯಿಂದ ಮೂರನೆಯವನು ಅಂತ ತೋರಿಸಿದೆ.

ಮುಂದಿನ ಆಟವನ್ನು ಮೇಷ್ಟ್ರೇ ಆರಿಸಿದ್ದಾರೆ. ಪೊಲ್ಲಿಲೂರಿಗೂ ಎರಡು ವಾರ ಹಿಂದಿನ ದಿನ, ಆಗಸ್ಟ್ 25, ಕೊರ್ತಲೈಯಾರ್ ನದಿಯ ದಡ. ಅವತ್ತು ಬೈಲಿ ದಾಟಬಹುದಿತ್ತು. ದಾಟದೆ ಈ ದಡದಲ್ಲೇ ಬಿಡಾರ ಹೂಡಿದ. ರಾತ್ರಿ ಪ್ರವಾಹ ಬಂತು, ಒಂದು ವಾರಕ್ಕೂ ಹೆಚ್ಚು ದಿನ ಅಲ್ಲೇ ಕಟ್ಟಿಬಿದ್ದ. ಅದಕ್ಕಾಗಿ ನಾನೀಗ ನದಿಯನ್ನು ಎರಡು ತುಂಡಾಗಿ ಮಾಡುತ್ತಿದ್ದೇನೆ. ಒಂದು ಬರೀ ಮರಳು, ಮಧ್ಯೆ ಸಣ್ಣ ನೀರಿನ ಗೆರೆ. ಇನ್ನೊಂದು ದಡದಿಂದ ದಡಕ್ಕೆ ಕೆಂಪು ನೀರು, ಮೇಲೆ ಮೂರು ಪದರ ವಾರ್ನಿಶ್. ಎರಡನೆಯದನ್ನು ಮೇಜಿನ ಕೆಳಗೆ ಬಚ್ಚಿಟ್ಟಿರುತ್ತೇನೆ.