ರೋಡ್ ಕಾರಿನ ಇಂಜಿನ್ ರೇಸಿಗೆ ಹಾಕ್ತೀರಾ? ಮೊದಲು ಸಂಪ್ ಬಿಚ್ಚಿ

ನನ್ನ ಮೊದಲ ಇಂಜಿನ್ ಹೋಗಿದ್ದು ಒಂದು ಉದ್ದನೆಯ ಬಲ ತಿರುವಿನಲ್ಲಿ. ಎರಡು ಲ್ಯಾಪ್ ಆದ ಮೇಲೆ ಕೆಳಗಿನಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ರಾಡ್ ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ಸೇರುವ ಜಾಗದ ರಾಡ್ ಬೇರಿಂಗಿನ ಬೂದು ಪದರ ಸವೆದು, ಅಡಿಯ ತಾಮ್ರದ ಬಣ್ಣ ಕಾಣುತ್ತಿತ್ತು. ಆಯಿಲ್ ಕಡಿಮೆ ಇರಲಿಲ್ಲ. ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನಾನೇ ನೋಡಿದ್ದೆ.

ಆಗಿದ್ದು ಇಷ್ಟು. ತಿರುವಿನಲ್ಲಿ ಪಕ್ಕಕ್ಕೆ 1 ಜಿ ಬಲ (ತೂಕದಷ್ಟೇ ಬಲ) ಬಿದ್ದರೆ ಸಂಪಿನೊಳಗೆ, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಯೊಳಗೆ, ಆಯಿಲ್ 45 ಡಿಗ್ರಿ ವಾಲುತ್ತದೆ. ಒಳ್ಳೆ ಹಿಡಿತದ ರೇಸ್ ಟೈರ್ ಹಾಕಿದರೆ ಅಷ್ಟು ಬಲ ಸುಲಭವಾಗಿ ಬರುತ್ತದೆ. ಆಯಿಲ್ ಎಲ್ಲ ಒಂದು ಗೋಡೆಗೆ ಏರಿ ಕೂರುತ್ತದೆ, ಪಂಪಿಗೆ ಆಯಿಲ್ ಎಳೆಯುವ ಪಿಕಪ್ ಪೈಪ್ ಗಾಳಿ ಹೀರುತ್ತದೆ. ಬೇರಿಂಗ್ ಹಾಳಾಗಲು ಕೆಲವೇ ಸೆಕೆಂಡು ಸಾಕು.

ಹಾಗಾಗಿ ಪವರ್ ಹೆಚ್ಚಿಸಲು ಕ್ಯಾಮ್, ಎಕ್ಸಾಸ್ಟ್ ಅಂತ ಹೊರಡುವ ಮೊದಲು ಸಂಪ್ ಕೆಳಗಿಳಿಸಿ. ಪಿಕಪ್ ಸುತ್ತ ತಗಡಿನ ಬ್ಯಾಫಲ್ (ಅಡ್ಡಗೋಡೆ) ಕೂರಿಸಿ. ಅದರಲ್ಲಿ ಒಳಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳಿರಲಿ: ಆಯಿಲ್ ಒಳಗೆ ಬರಬೇಕು, ತಿರುವಿನಲ್ಲಿ ಹೊರಗೆ ಓಡಬಾರದು. ಆಯಿಲನ್ನು ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ಮುಟ್ಟುವಷ್ಟು ಹಾಕಿ. ಸಿಕ್ಕಾಪಟ್ಟೆ ಜಾಸ್ತಿ ಸುರಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಅದೂ ಗಾಳಿಯೇ ಅಲ್ವಾ?

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಬೇಡಿ. ಒತ್ತಡ ಪೂರ್ತಿ ನೆಲ ಕಚ್ಚಿದ ಮೇಲೇ ಅದು ಹತ್ತುವುದು. ಒಂದು ಪ್ರೆಶರ್ ಗೇಜ್ ಹಾಕಿ, ಆಗುವುದಾದರೆ ಓದಿದ್ದನ್ನು ದಾಖಲಿಸಿಡುವ ಡೇಟಾ ಲಾಗರ್‌ಗೂ ಜೋಡಿಸಿ. ತಿರುವಿನ ಮಧ್ಯೆ ನೀವು ಗೇಜ್ ನೋಡುತ್ತಾ ಕೂರಲು ಆಗುವುದಿಲ್ಲ. ಆಮೇಲೆ ಗ್ರಾಫ್ ನೋಡಿದರೆ ಯಾವ ತಿರುವಿನಲ್ಲಿ ಒತ್ತಡ ಕುಸಿಯಿತು ಅಂತ ಗೊತ್ತಾಗುತ್ತದೆ.

ಮುಂದಿನದು ಬಿಸಿ. ರೋಡಿನಲ್ಲಿ ಪೂರ್ತಿ ಥ್ರಾಟಲ್ ಒತ್ತುವುದೇ ಅಪರೂಪ, ಟ್ರ್ಯಾಕಿನಲ್ಲಿ ಅದೇ ಕೆಲಸ. ಆಯಿಲ್ 130 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಕೂಲರ್ ಬೇಕೇ ಬೇಕು. ಥರ್ಮೋಸ್ಟಾಟ್ ಇರುವುದನ್ನೇ ತಗೊಳ್ಳಿ, ತಣ್ಣನೆಯ ದಪ್ಪ ಆಯಿಲ್ ಕೂಡ ಒಳ್ಳೆಯದಲ್ಲ. ರೇಡಿಯೇಟರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ಸೇರುವ ಅಂಚಿನಲ್ಲಿ ಬಿರುಕು ಹುಡುಕಿ.

ಆರ್‌ಪಿಎಂ ವಿಷಯದಲ್ಲಿ ದುರಾಸೆ ಬೇಡ. ಮಿತಿ 6000 ಇದ್ದದ್ದನ್ನು 7200ಕ್ಕೆ ಏರಿಸಿದರೆ ಇಂಜಿನ್ ತಿರುಗುವ ವೇಗ ಏರುವುದು ಶೇಕಡಾ 20, ರಾಡ್ ಬೋಲ್ಟ್ ಮೇಲಿನ ಎಳೆತ ಏರುವುದು ಶೇಕಡಾ 44. ಗೇರ್ ಇಳಿಸುವಾಗ ನಾಲ್ಕರ ಬದಲು ಎರಡಕ್ಕೆ ಹಾಕಿದರೆ ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ಲಿಮಿಟರ್ ಕಾಪಾಡುವುದಿಲ್ಲ. ಅದು ಇಂಧನ ನಿಲ್ಲಿಸಬಹುದು ಅಷ್ಟೆ, ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ.

ಪ್ರತಿ ರೇಸ್ ಆದ ಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಮಿಂಚುವ ಚೂರು ಕಂಡರೆ ಮ್ಯಾಗ್ನೆಟ್ ತಾಗಿಸಿ. ಅಂಟಿದರೆ ಉಕ್ಕು. ಅಂಟದೆ ತಾಮ್ರದ ಬಣ್ಣ ಇದ್ದರೆ ಹೆಚ್ಚಾಗಿ ಬೇರಿಂಗ್, ಆ ಇಂಜಿನ್ನನ್ನು ಬಿಚ್ಚದೆ ಮತ್ತೆ ಸ್ಟಾರ್ಟ್ ಮಾಡಬೇಡಿ.