45/10ರ ನಂತರ 45/2 ಏಕೆ? ಡೇಟಾಬೇಸ್‌ನ ಸಾಲು ಸರಿಪಡಿಸುವ ಬಗೆ

ಪಹಣಿ ವಿವರಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ತುಂಬಿ ಸರ್ವೆ ನಂಬರಿನ ಪ್ರಕಾರ ಜೋಡಿಸಿದರೆ 45/1, 45/10, 45/2, 9/1 ಎಂಬ ಸಾಲು ಬರುತ್ತದೆ. ಓರೆಗೆರೆ ಇರುವ ಕಾರಣ ಈ ನಂಬರನ್ನು ಪಠ್ಯವಾಗಿಯೇ ಇಡಬೇಕು. ಪಠ್ಯವನ್ನು ಎಡದಿಂದ ಒಂದೊಂದೇ ಚಿಹ್ನೆಯಾಗಿ ಹೋಲಿಸುವುದರಿಂದ 4 ಎಂಬ ಅಂಕಿ 9ಕ್ಕಿಂತ ಮುಂದೆ ನಿಲ್ಲುತ್ತದೆ. ನಡುವೆ ಯಾರಾದರೂ ೪೫/೩ ಎಂದು ಬರೆದಿದ್ದರೆ, 'ಸಿ' ಎಂಬ ಕೊಲೇಷನ್ (ಜೋಡಣೆಯ ನಿಯಮ; 'ಸಿ'ಯದು ಚಿಹ್ನೆಗಳ ಸಂಕೇತ ಸಂಖ್ಯೆಯನ್ನೇ ನೋಡುವ ನಿಯಮ) ಇರುವಲ್ಲಿ ಅದು ಪಟ್ಟಿಯ ಕೊನೆಗೆ ಹೋಗುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳ ಸ್ಥಾನ ಹಕಾರಕ್ಕೂ ಆಚೆಗಿದೆ.

ಮೊದಲು ಆ ಕಾಲಂ ಯಾವ ಕೊಲೇಷನ್ ಬಳಸುತ್ತಿದೆ ಎಂದು ನೋಡಿಕೊಳ್ಳಿ.

ಬಳಿಕ 'ಕ್ರಿಯೇಟ್ ಕೊಲೇಷನ್' ಆದೇಶದಿಂದ ಹೊಸದೊಂದನ್ನು ರಚಿಸಿ. ಪೋಸ್ಟ್‌ಗ್ರೆಸ್‌ನ 2017ರ 10ನೇ ಆವೃತ್ತಿಯಿಂದ ಲಭ್ಯವಿರುವ ಐಸಿಯುವನ್ನು (ಯೂನಿಕೋಡ್ ಪಠ್ಯವನ್ನು ನಿಭಾಯಿಸುವ ತಂತ್ರಾಂಶ ಸಂಗ್ರಹ) ಪ್ರೊವೈಡರ್ ಆಗಿ, ಅಂದರೆ ನಿಯಮ ಒದಗಿಸುವ ಮೂಲವಾಗಿ ಸೂಚಿಸಿ, ಲೋಕೇಲ್ (ಭಾಷೆ ಮತ್ತು ಜೋಡಣೆಯ ಆಯ್ಕೆಗಳ ಸಂಕೇತ) ಜಾಗದಲ್ಲಿ 'ಕೆಎನ್-ಯು-ಕೆಎನ್-ಟ್ರೂ' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಇಲ್ಲಿ ಮೊದಲ 'ಕೆಎನ್' ಕನ್ನಡ ಭಾಷೆಯ ಸಂಕೇತ, ಎರಡನೆಯದು ಅಂಕಿಗಳ ಗುಂಪನ್ನು ಒಂದೇ ಸಂಖ್ಯೆಯಾಗಿ ಓದುವ ಸೂಚನೆ. ಇದು ಎರಡು ಬಾರಿ ಬಂದ ಬೆರಳಚ್ಚಿನ ತಪ್ಪೆಂದು ಭಾವಿಸಿ ಅಳಿಸಿದರೆ ಕೆಲಸ ಕೆಟ್ಟಂತೆಯೇ.

ಕಾಲಂ ಅನ್ನು ಮುಟ್ಟುವ ಮುನ್ನ 'ಆರ್ಡರ್ ಬೈ' ಪಕ್ಕದಲ್ಲಿ 'ಕೊಲೇಟ್' ಎಂದು ಬರೆದು ಹೊಸ ಹೆಸರನ್ನು ಸೇರಿಸಿ ಪರೀಕ್ಷಿಸಿ. 9/1, 45/1, 45/2, ೪೫/೩, 45/10 ಎಂಬ ಸಾಲು ಬಂದರೆ ನಿಯಮ ಸರಿಯಾಗಿದೆ. ಇಲ್ಲಿ 45/1 ಮತ್ತು 45/ಅ ಎರಡೂ ಇದ್ದರೆ ಅಂಕಿಯೇ ಮುಂದೆ ಬರುತ್ತದೆ. ಅಕ್ಷರ ಮುಂದಿರಬೇಕಾದರೆ ಲೋಕೇಲ್‌ನ ಕೊನೆಗೆ 'ಕೆಆರ್-ಕೆಎನ್‌ಡಿಎ-ಡಿಜಿಟ್' ಸೇರಿಸಬೇಕು.

ಎರಡನೆಯ 'ಕೆಎನ್' ಸೂಚನೆ ದಶಮಾಂಶವನ್ನು ಅರಿಯದು: 1.5 ಎಂಬುದು 1.25ಕ್ಕಿಂತ ಮೊದಲು ಬರುತ್ತದೆ, ಏಕೆಂದರೆ ಚುಕ್ಕಿಯ ಬಳಿಕದ 5 ಮತ್ತು 25 ಬೇರೆ ಬೇರೆ ಸಂಖ್ಯೆಗಳೆಂದೇ ಲೆಕ್ಕ. ಹಣದ ಮೊತ್ತವನ್ನು ಪಠ್ಯದ ಕಾಲಂನಲ್ಲಿ ಇಡುವವರು ಹೇಗೂ ತೊಂದರೆಗೆ ಸಿಲುಕುತ್ತಾರೆ.

ಕೊಲೇಷನ್ ರಚಿಸುವಾಗ ಕೊಡಬಹುದಾದ 'ಡಿಟರ್ಮಿನಿಸ್ಟಿಕ್' (ಬೈಟ್‌ಗಳು ಒಂದೇ ಆಗಿದ್ದರೆ ಮಾತ್ರ ಎರಡು ಪಠ್ಯಗಳನ್ನು ಸಮವೆನ್ನುವ) ಆಯ್ಕೆಯ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. 2019ರ 12ನೇ ಆವೃತ್ತಿಯಿಂದ ಇದನ್ನು 'ಫಾಲ್ಸ್' ಮಾಡಲು ಅವಕಾಶವಿದೆ. ಹಾಗೆ ಮಾಡಿದರೆ, ಸಂಖ್ಯೆಯ ಆರಂಭದ ಸೊನ್ನೆಗಳನ್ನು ಲೆಕ್ಕಿಸದ ಕಾರಣ 007 ಮತ್ತು 7 ಸಮ ಎನಿಸಿ, 'ಯುನೀಕ್' (ಒಂದೇ ಮೌಲ್ಯ ಎರಡು ಬಾರಿ ಬಾರದಂತೆ) ಎಂದು ಗುರುತಿಸಿದ ಕಾಲಂ ಎರಡನೆಯದನ್ನು ತಿರಸ್ಕರಿಸುತ್ತದೆ. ಜೋಡಣೆಯಷ್ಟೇ ಬೇಕಾದವರು ಇದನ್ನು 'ಟ್ರೂ' ಆಗಿಯೇ ಬಿಡುವುದು ಲೇಸು.

ಎಲ್ಲವೂ ಒಪ್ಪಿಗೆಯಾದ ಬಳಿಕ 'ಆಲ್ಟರ್ ಟೇಬಲ್' ಮೂಲಕ ಕಾಲಂನ ಕೊಲೇಷನ್ ಬದಲಿಸಿ. ಆಗ ಅದರ ಇಂಡೆಕ್ಸ್‌ಗಳು (ಬೇಗ ಹುಡುಕಲು ನೆರವಾಗುವ ಸೂಚಿಗಳು) ಮತ್ತೆ ಕಟ್ಟಲ್ಪಡುತ್ತವೆ ಹಾಗೂ ಟೇಬಲ್‌ಗೆ ಬೀಗ ಬೀಳುತ್ತದೆಯಾದ್ದರಿಂದ ಜನಸಂದಣಿಯ ಹೊತ್ತನ್ನು ತಪ್ಪಿಸಿ. ಮುಂದೆ ಸರ್ವರ್‌ನ ಐಸಿಯು ಆವೃತ್ತಿ ಬದಲಾದರೆ ಮೊದಲು 'ರಿಇಂಡೆಕ್ಸ್' ಆದೇಶದಿಂದ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಿ, ನಂತರವೇ ದಾಖಲಾಗಿರುವ ಕೊಲೇಷನ್ ಆವೃತ್ತಿಯನ್ನು 'ರಿಫ್ರೆಶ್' ಮಾಡಬೇಕು.